ತಂದು ನಿಲ್ಲಿಸಿದ ಬಾಗಿಲು

“ಕಿಟಕಿ ಅವನದೇ ಸಾರ್, ಇಲ್ಲ ಅನ್ನಲ್ಲ. ಆ ಕಿಟಕಿಯಿಂದ ನಮ್ಮ ಬಚ್ಚಲಿಗೆ ಬಂದು ಬೀಳೋ ಕಣ್ಣಿದೆಯಲ್ಲ, ಅದಕ್ಕೆ ಕಾನೂನು ಏನು ಹೇಳತ್ತೆ?”

ಒಳಗೆ ಕ್ಷೌರದಂಗಡಿಯವನು ಒಡಹುಟ್ಟಿದ ಅಣ್ಣನ ಮೇಲೆ ದೂರು ಹೇಳುತ್ತಿದ್ದ. ವಕೀಲರ ಕೋಣೆಗೂ ಹೊರಗಿನ ಬೆಂಚಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ. ಅದು ಸೂರು ಮುಟ್ಟುತ್ತಿರಲಿಲ್ಲ. ಒಳಗಿನವರ ಗುಟ್ಟು ಹೊರಗಿನವರಿಗೆ ಪುಕ್ಕಟೆ. ಕೆಳಗಿನ ಸೈಕಲ್ ಅಂಗಡಿಯಿಂದ ಟ್ಯೂಬು ಸುಟ್ಟ ವಾಸನೆ ಮೆಟ್ಟಿಲು ಹತ್ತಿ ಬಂದು ಎಲ್ಲರ ಜೊತೆ ಕಾಯುತ್ತಿತ್ತು.

“ಬಚ್ಚಲಿಗೊಂದು ತಗಡು ಹೊಡೆದ್ರೆ ಮುಗೀತು. ಇದಕ್ಕೆ ಕೋರ್ಟು ಬೇಕಾ?” ಎಂದ ಬೆಂಚಿನ ತುದಿಯಲ್ಲಿದ್ದ ಲಾರಿ ಡ್ರೈವರ್.

“ತಗಡು ಹೊಡೆದ್ರೆ ಇವನು ಸೋತ ಹಾಗಲ್ವಾ?” ಎಂದಳು ತರಕಾರಿ ಮಾರುವವಳು. “ನನ್ನ ಕಥೆ ಕೇಳು. ಗಂಡ ಮನೆ ಬಿಟ್ಟು ಹೋದ. ಹೋಗಲಿ. ಇನ್ನೊಬ್ಬಳ ಜೊತೆ ಇದಾನೆ. ಇರಲಿ. ನನ್ನ ತಕ್ಕಡಿ ಯಾಕೆ ಎತ್ಕೊಂಡು ಹೋದ? ಅದನ್ನ ವಾಪಸ್ ಕೊಡ್ಸೋಕಾಗತ್ತಾ ಅಂತ ಕೇಳೋಕೆ ಬಂದೆ.”

“ಗಂಡ ಬೇಡ್ವಾ?”

“ಅವನನ್ನ ಇಟ್ಕೊಂಡು ಏನು ತೂಗಲಿ?”

ಬೆಂಚು ನಕ್ಕಿತು. ಡ್ರೈವರ್ ಮಾತ್ರ ಅರ್ಧ ನಕ್ಕು ನಿಲ್ಲಿಸಿದ. ಲಾರಿಯ ಬ್ರೇಕು ಸರಿ ಮಾಡಿಸಿ ಎಂದು ಅವನು ಮಾಲೀಕನ ಹಿಂದೆ ತಿಂಗಳುಗಟ್ಟಲೆ ಅಲೆದಿದ್ದ. ಗಾಡಿ ಹೋಗಿ ಗೋಡೆಗೆ ಗುದ್ದಿತು. ಕೇಸು ಇವನ ಮೇಲೆ ಬಿತ್ತು. ಓಡಿಸಿದವನದು ತಪ್ಪೋ, ಓಡಿಸು ಎಂದವನದು ತಪ್ಪೋ? ಇಷ್ಟೇ ಅವನ ಪ್ರಶ್ನೆ. ಬೆಂಚಿನ ಮೇಲಿದ್ದವರೆಲ್ಲ ಮಾಲೀಕನದೇ ತಪ್ಪು ಎಂದು ಆಗಲೇ ತೀರ್ಪು ಕೊಟ್ಟಾಗಿತ್ತು. ಆದರೆ ಬೆಂಚಿನ ತೀರ್ಪು ಮೆಟ್ಟಿಲು ಇಳಿದರೆ ನಡೆಯುವುದಿಲ್ಲ.

“ನಿಂದೇನಕ್ಕ?” ತರಕಾರಿಯವಳು ಪಕ್ಕಕ್ಕೆ ತಿರುಗಿದಳು. “ಆಗಿನಿಂದ ಬಾಯೇ ಬಿಟ್ಟಿಲ್ಲ.”

ಪಕ್ಕದವಳು ಚೀಲದ ಕೆಳಗೆ ಮುಚ್ಚಿಕೊಂಡಿದ್ದ ಬಲಗೈಯನ್ನು ಹೊರಗೆ ತೆಗೆದಳು. ಹೆಬ್ಬೆರಳಿತ್ತು. ಕಿರುಬೆರಳಿತ್ತು. ನಡುವೆ ಏನೂ ಇರಲಿಲ್ಲ. ಅಂಗೈ ಮೇಲೆ ಚರ್ಮ ಕೆಂಪಗೆ, ಬಿಗಿಯಾಗಿ, ಹಳೇ ಬಕೆಟ್ಟಿಗೆ ಹಚ್ಚಿದ ಪ್ಲಾಸ್ಟಿಕ್ ತೇಪೆಯ ಹಾಗೆ ಮಿರುಗುತ್ತಿತ್ತು.

ಯಾರೂ ನಗಲಿಲ್ಲ. ತೀರ್ಪನ್ನೂ ಕೊಡಲಿಲ್ಲ. ಡ್ರೈವರ್ ಸರಿದು ಅವಳಿಗೆ ಇನ್ನಷ್ಟು ಜಾಗ ಬಿಟ್ಟ.

ಲಾಂಡ್ರಿಯಲ್ಲಿ ಅವಳನ್ನು ಎಲ್ಲರೂ ಚುರುಕಿ ಎನ್ನುತ್ತಿದ್ದರು. ಕೈ ಅಷ್ಟು ಚುರುಕು. ದೊಡ್ಡ ಹೋಟೆಲುಗಳ ಬಟ್ಟೆ ಲಾರಿಗಟ್ಟಲೆ ಬಂದು ಬೀಳುವ ಜಾಗ ಅದು. ಒಗೆದ ಹಾಸಿಗೆ ಬಟ್ಟೆಯನ್ನು ಇಬ್ಬರು ಎರಡು ಮೂಲೆ ಹಿಡಿದು, ಜಾಡಿಸಿ, ಕಾದ ರೋಲರುಗಳ ಬಾಯಿಗೆ ಕೊಡಬೇಕು. ಆ ಕಡೆಯಿಂದ ಅದು ಇಸ್ತ್ರಿಯಾಗಿ ಬರುತ್ತದೆ. ದಿನವಿಡೀ ನಿಂತೇ ಇರಬೇಕು. ಹಬೆಗೆ ಮುಖ ಬೇಯುತ್ತದೆ. ಒದ್ದೆ ಬಟ್ಟೆ ಎತ್ತಿ ಎತ್ತಿ ಸಂಜೆಗೆ ಭುಜ ತನ್ನದಲ್ಲ ಅನ್ನಿಸುತ್ತದೆ.

ರೋಲರಿನ ಬಾಯಿಯ ಮುಂದೆ ಒಂದು ಕಬ್ಬಿಣದ ಕಂಬಿ ಇತ್ತು. ಕೈ ತಾಗಿದರೆ ಮಿಷಿನ್ ತಟ್ಟನೆ ನಿಲ್ಲಬೇಕು, ಅದಕ್ಕೇ ಇದ್ದ ಕಂಬಿ. ಆದರೆ ಒದ್ದೆ ಬಟ್ಟೆಯ ಗಂಟು ತಾಗಿದರೂ ನಿಲ್ಲುತ್ತಿತ್ತು. ಮಿಷಿನ್ ನಿಂತರೆ ಮೇಸ್ತ್ರಿಗೆ ಬೈಗುಳ. ಅವನೊಂದು ಹಗ್ಗ ತಂದು ಕಂಬಿಯನ್ನು ಹಿಂದಕ್ಕೆ ಎಳೆದು ಕಟ್ಟಿಬಿಟ್ಟ. ಆಮೇಲೆ ಮಿಷಿನ್ ನಿಂತದ್ದಿಲ್ಲ. ಚುರುಕಿಯ ಕೈ ಒಳಗೆ ಹೋದಾಗಲೂ ನಿಲ್ಲಲಿಲ್ಲ.

ಕೈಗೆ ಸಿಕ್ಕಿದ ಹಾಸಿಗೆ ಬಟ್ಟೆಯೊಂದನ್ನು ಹೆಂಗಸರು ಅವಳ ಕೈಗೆ ಸುತ್ತಿದರು. ಮೇಸ್ತ್ರಿಯೇ ಆಸ್ಪತ್ರೆಗೆ ಕರೆದುಕೊಂಡು ಹೋದ. “ಮನೆ ಬಾಗಿಲಿಗೆ ಕೈ ಸಿಕ್ಕಿಸ್ಕೊಂಡಿದಾಳೆ” ಎಂದ. ಡಾಕ್ಟರು ಸುಟ್ಟ ಚರ್ಮ ನೋಡಿ, “ಬಾಗಿಲು ಒಲೆ ಮೇಲಿತ್ತಾ?” ಎಂದು ಕೇಳಿದರು. ಮೇಸ್ತ್ರಿ ದೊಡ್ಡದಾಗಿ ನಕ್ಕ. ಚುರುಕಿಗೆ ನೋವಿನಲ್ಲಿ ನಾಲಿಗೆ ಹೊರಳಲಿಲ್ಲ. ಹೂಂ ಎಂದಳೋ, ಊಹೂಂ ಎಂದಳೋ, ಅವಳಿಗೇ ನೆನಪಿಲ್ಲ. ಡಾಕ್ಟರು ತಾವು ಕಂಡದ್ದನ್ನು ಬರೆಯಲಿಲ್ಲ. ಮೇಸ್ತ್ರಿ ಹೇಳಿದ್ದನ್ನು ಬರೆದರು.

ವಕೀಲರ ಹತ್ತಿರ ಮೊದಲ ಸಲ ಬಂದಾಗ ಇಷ್ಟನ್ನೂ ಹೇಳಿದ್ದಳು. ಅವರು ಕೆಟ್ಟವರಲ್ಲ. ದಣಿದವರು. ಕೇಳುತ್ತ ಕೇಳುತ್ತ ನೆಟ್ಟಗೆ ಕೂತರು.

“ಕೈಗೆ ಸುತ್ತಿದ್ದ ಬಟ್ಟೆ ಎಲ್ಲಿದೆಯಮ್ಮ? ಹೋಟೆಲಿಂದು ಅಂದ್ರಲ್ಲ, ಗುರುತು ಇರತ್ತಾ ಅದರಲ್ಲಿ?”

“ಇರತ್ತೆ ಸಾರ್. ಹೋಟೆಲಿನ ಹೆಸರು ನೇಯ್ದಿರ್ತಾರೆ. ನಮ್ಮ ಲಾಂಡ್ರಿ ನಂಬರು ಮೂಲೇಲಿ ಕೆಂಪು ದಾರದಲ್ಲಿ ಹೊಲಿದಿರತ್ತೆ.”

“ಅದರ ಮೇಲೆ ನಿಮ್ಮ ರಕ್ತ! ಇದಕ್ಕಿಂತ ಏನು ಬೇಕು? ಎಲ್ಲಿದೆ ಅದು?”

“ಒಗೆದೆ ಸಾರ್.”

ವಕೀಲರು ಪೆನ್ನು ಕೆಳಗಿಟ್ಟರು.

“ರಕ್ತದ ಕಲೆ ಸಾರ್. ಒಣಗೋಕೆ ಬಿಟ್ರೆ ಕೂತ್ಬಿಡತ್ತೆ. ಮನೆಗೆ ಬಂದ ತಕ್ಷಣ ತಣ್ಣೀರಲ್ಲಿ ನೆನೆಸಿದೆ. ಒಂದು ಕೈಲಿ ಉಜ್ಜೋಕಾಗಲಿಲ್ಲ, ಕಾಲಲ್ಲಿ ತುಳಿದೆ. ಮಗಳು ಹಿಂಡಿದಳು. ಒಂದು ಚುಕ್ಕೆ ಉಳೀಲಿಲ್ಲ ಸಾರ್.” ಹೇಳುವಾಗ ಅವಳ ದನಿಯಲ್ಲಿ ಒಂದಿಷ್ಟು ಹೆಮ್ಮೆಯೂ ಇತ್ತು. “ಗಿರಾಕಿ ಬಟ್ಟೆ ಸಾರ್ ಅದು. ಮನೇಲಿ ಇಟ್ಕೊಳೋಕಾಗತ್ತಾ? ಮಾರನೇ ದಿನ ಮಗಳ ಕೈಲಿ ಕಳಿಸಿದೆ.”

ಮಗಳ ಕೈಲಿ. ಯಾಕೆಂದರೆ ಮಾರನೇ ದಿನವೇ ಲಾಂಡ್ರಿಯವರು ಮಗಳಿಗೆ ಕೆಲಸ ಕೊಟ್ಟಿದ್ದರು. ಅಮ್ಮ ನಿಲ್ಲುತ್ತಿದ್ದ ಜಾಗದಲ್ಲೇ. ಎಂಥ ದೊಡ್ಡ ಮನಸ್ಸು ಎಂದು ಕೇರಿಯೆಲ್ಲ ಕೊಂಡಾಡಿತು. ಮಗಳು ಮೊದಲ ದಿನ ಆ ಬಾಯಿಗೆ ಕೊಟ್ಟ ಬಟ್ಟೆಗಳಲ್ಲಿ ಅದೂ ಒಂದು. ಆ ಕಡೆಯಿಂದ ಬೆಳ್ಳಗೆ, ಬಿಸಿಬಿಸಿಯಾಗಿ ಬಂತಂತೆ. ಆ ರಾತ್ರಿ ಯಾರೋ ಅದರ ಮೇಲೆ ಮಲಗಿ ಸುಖವಾಗಿ ನಿದ್ದೆ ಮಾಡಿರಬೇಕು.

“ಅಯ್ಯೋ ತಾಯಿ,” ವಕೀಲರು ಹಣೆ ಒತ್ತಿಕೊಂಡರು. “ನಿಮ್ಮ ಕೇಸನ್ನೇ ಒಗೆದು ಕೊಟ್ರಲ್ಲ.”

“ನನಗೆ ಬೇಕಾಗಿರೋದು ಒಂದೇ ಸಾರ್. ಆ ಹಗ್ಗ ಇನ್ನೂ ಬಿಚ್ಚಿಲ್ಲ. ನನ್ನ ಮಗಳು ಅಲ್ಲೇ ನಿಲ್ತಾಳೆ. ಹಗ್ಗ ಬಿಚ್ಸೋಕೆ ಕಾನೂನು ಇದೆಯಾ?”

“ಇದೆ. ಆದ್ರೆ ಕೈ ಅಲ್ಲೇ ಹೋಯ್ತು ಅಂತ ಮೊದಲು ತೋರಿಸಬೇಕು.”

ಲಾಂಡ್ರಿಗೆ ನೋಟಿಸು ಕಳಿಸಿದರು. ಮಾತುಕತೆಗೆ ಇವತ್ತು ಬನ್ನಿ ಎಂದರು. ಅದಕ್ಕೇ ಅವಳು ಬೆಂಚಿನ ಮೇಲಿದ್ದಳು.

ಕ್ಷೌರದಂಗಡಿಯವನು ಹೊರಗೆ ಬಂದ. “ಕಣ್ಣಿಗೆ ಕಾನೂನಿಲ್ವಂತೆ, ತಗಡು ಹೊಡ್ಕೋ ಅಂದ್ರು” ಎಂದ. ನಾನು ಹೇಳಲಿಲ್ವಾ ಎನ್ನುವ ಹಾಗೆ ಡ್ರೈವರ್ ಮುಖ ಮೇಲೆತ್ತಿದ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಮೇಸ್ತ್ರಿ ಬಂದ. ಬೆಂಚಿನ ಕಡೆ ಕಣ್ಣೂ ಹಾಯಿಸದೆ ನೇರ ಒಳಗೆ ನಡೆದ. ಸರದಿ ಇರುವುದು ಬೆಂಚಿನವರಿಗೆ.

“ಚುರುಕಿ, ಬಾರೇ ಒಳಗೆ!” ಒಳಗಿನಿಂದ ಕೂಗಿದವನೂ ಅವನೇ. ಆಫೀಸು ಅವನದೇ ಅನ್ನುವ ಹಾಗೆ.

ಒಳಗೆ ಎರಡು ಕುರ್ಚಿ. ಒಂದರಲ್ಲಿ ವಕೀಲರು. ಇನ್ನೊಂದರಲ್ಲಿ ಮೇಸ್ತ್ರಿ. ಅವಳು ನಿಂತಳು. ನಿಲ್ಲುವುದು ಅವಳಿಗೆ ಹೊಸದಲ್ಲ.

“ಹೇಗಿದೆಯೇ ಕೈ?” ಎಂದ ಮೇಸ್ತ್ರಿ.

“ನೀನೇ ನೋಡು.”

ಮೇಸ್ತ್ರಿ ನೋಡಲಿಲ್ಲ. ಇಷ್ಟು ವರ್ಷ ಅವನನ್ನು ಅಣ್ಣ, ನೀವು ಎಂದವಳು. ಇವತ್ತು ಬಾಯಿಗೆ ನೀನು ಬಂದಿತ್ತು. ಅದು ಅವನಿಗೂ ತಾಗಿತು. ಜೇಬಿನಿಂದ ಕಾಗದ ತೆಗೆದು ವಕೀಲರ ಮುಂದಿಟ್ಟ.

“ಮಾಲೀಕರು ತುಂಬ ಬೇಜಾರು ಮಾಡ್ಕೊಂಡ್ರು ಸಾರ್. ಮನೆ ಮಗಳ ಥರ ನೋಡ್ಕೊಂಡಿದ್ವಿ. ಆದ್ರೂ ಒಂದಿಷ್ಟು ದುಡ್ಡು ಕೊಡ್ತೀವಿ ಅಂತಾರೆ. ಮಗಳ ಕೆಲಸಾನೂ ಇರತ್ತೆ. ಇದಕ್ಕೊಂದು ಹೆಬ್ಬೆಟ್ಟು ಒತ್ತಿದ್ರೆ ಆಯ್ತು. ಹೆಬ್ಬೆಟ್ಟು ಹೇಗೂ ಉಳಿದಿದೆಯಲ್ಲ.”

ಅವನು ತಮಾಷೆಗೇ ಅಂದ. ಮೂಲೆಯ ಸ್ಟೂಲಿನ ಮೇಲಿದ್ದ ವಕೀಲರ ಗುಮಾಸ್ತ ಟೈಪು ಮಾಡುವುದನ್ನು ನಿಲ್ಲಿಸಿದ.

ವಕೀಲರು ಓದಿದರು. ಓದಿ ಕನ್ನಡಕ ತೆಗೆದರು. “ನೋಡಮ್ಮ, ಇದರಲ್ಲಿ ಏನಿದೆ ಅಂದ್ರೆ, ಅವತ್ತು ನೀವು ಕೆಲಸಕ್ಕೆ ಬಂದಿರಲಿಲ್ಲ. ಮನೇಲಿ ಬಾಗಿಲು ಹಾಕುವಾಗ ಬೆರಳು ಸಿಕ್ಕಿಹಾಕ್ಕೊಂಡ್ತು. ಲಾಂಡ್ರಿಗೂ ಇದಕ್ಕೂ ಸಂಬಂಧ ಇಲ್ಲ.”

“ಹಗ್ಗ?”

“ಹಗ್ಗದ ಮಾತು ಇಲ್ಲ.”

“ಯಾವ ಹಗ್ಗಾನೇ?” ಎಂದ ಮೇಸ್ತ್ರಿ.

“ನೀನು ಕಟ್ಟಿದ್ದು.”

“ನಾನು ಕಟ್ಟಿದ್ದನ್ನ ನೋಡಿದವರು ಯಾರಾದ್ರೂ ಇದ್ರೆ ಕರ್ಕೊಂಡು ಬಾ.”

ಅವಳು ಕರೆದಿದ್ದಳು. ಎದುರು ಮೂಲೆ ಹಿಡಿದು ನಿಲ್ಲುತ್ತಿದ್ದವಳನ್ನು, ಬಟ್ಟೆ ಸುತ್ತಿದವಳನ್ನು, ನೀರು ಕುಡಿಸಿದವಳನ್ನು, ಎಲ್ಲರನ್ನೂ. “ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ, ನನ್ನನ್ನ ಕರೀಬೇಡ” ಎಂದಿದ್ದರು. ಅವರ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ಬೇರೆ ಯಾರದಾದರೂ ಕೈ ಹೋಗಿದ್ದರೆ ತಾನೂ ಅದನ್ನೇ ಹೇಳುತ್ತಿದ್ದಳೋ ಏನೋ.

“ಅಮ್ಮ,” ವಕೀಲರು ದನಿ ತಗ್ಗಿಸಿದರು, “ನಾನು ಸುಳ್ಳು ಭರವಸೆ ಕೊಡಲ್ಲ. ಆಸ್ಪತ್ರೆ ಕಾಗದದಲ್ಲೂ ಬಾಗಿಲು ಅಂತಾನೇ ಇದೆ. ಸಾಕ್ಷಿ ಇಲ್ಲ. ಬಟ್ಟೆ ಇಲ್ಲ. ಕೆಲಸದ ಪಟ್ಟಿಯಲ್ಲಿ ನಿಮ್ಮ ಹೆಸರೂ ಇಲ್ವಂತೆ. ಯೋಚನೆ ಮಾಡಿ.”

ಮೇಸ್ತ್ರಿ ಶಾಯಿಯ ಡಬ್ಬಿಯ ಮುಚ್ಚಳ ತೆಗೆದು ಅವಳ ಕಡೆಗೆ ಸರಿಸಿದ. ನೀಲಿ ಶಾಯಿ. ಬಟ್ಟೆಗೆ ಬಿದ್ದರೆ ಹೋಗುವುದಿಲ್ಲ. ಅವಳು ಅದನ್ನೇ ನೋಡುತ್ತ ನಿಂತಳು. ಒತ್ತಿದರೆ ಮಗಳ ಕೆಲಸ ಉಳಿಯುತ್ತದೆ. ಒತ್ತಿದರೆ ಹಗ್ಗವೂ ಉಳಿಯುತ್ತದೆ. ಮಿಷಿನ್ ಯಾರ ಕೈಯನ್ನೂ ತಿಂದಿಲ್ಲ ಎಂದಾಗುತ್ತದೆ. ತಿನ್ನದ ಮಿಷಿನ್ನಿನ ಹಗ್ಗ ಯಾಕೆ ಬಿಚ್ಚಬೇಕು?

 ಅಳು ಬರುತ್ತಿದೆ ಎಂದುಕೊಂಡಳು. ಬಾಯಿ ತೆರೆದರೆ ನಗು.

“ಬಾಗಿಲು ಅಂತೆ!” ಎಂದಳು. “ಸಾರ್, ನಮ್ಮನೆಗೆ ಬಾಗಿಲೇ ಇಲ್ಲ!”

“ಏನು?”

“ಬಾಗಿಲೇ ಇಲ್ಲ ಸಾರ್! ಚೌಕಟ್ಟಿದೆ. ಅದಕ್ಕೆ ಒಂದು ಹಳೇ ಕಂಬಳಿ ಕಟ್ಟಿದೀವಿ. ಮನೆ ಓನರ್ ಹತ್ರ ಬಾಗಿಲು ಹಾಕ್ಸಿ ಹಾಕ್ಸಿ ಅಂತ ಬೇಡಿ ನನ್ನ ನಾಲಿಗೆ ಸವೆದುಹೋಯ್ತು. ದಾರಿ ತಪ್ಪಿತು ಅಂತ ಕುಡುಕರು ಕಂಬಳಿ ಎತ್ತಿ ಇಣುಕ್ತಾರೆ. ನನ್ನ ಮಗಳು ಪಕ್ಕದಲ್ಲಿ ಕಬ್ಬಿಣದ ಸರಳು ಇಟ್ಕೊಂಡು ಮಲಗ್ತಾಳೆ. ಕಂಬಳಿಗೆ ಸಿಕ್ಕಿ ಬೆರಳು ತುಂಡಾಗತ್ತಾ? ಹೇಳೋ ಮೇಸ್ತ್ರಿ, ತುಂಡಾಗತ್ತಾ?”

ಹಲಗೆಯ ಆಚೆ ಬೆಂಚು ಗೊಳ್ಳೆಂದಿತು. “ಕೇಳು ಅಕ್ಕ, ಚೆನ್ನಾಗಿ ಕೇಳು!” ತರಕಾರಿಯವಳ ದನಿ ಸೂರಿನ ಸಂದಿಯಿಂದ ಬಂತು.

ಚುರುಕಿ ಎಡಗೈಯಿಂದ ಕಾಗದ ಎತ್ತಿ ಮೇಸ್ತ್ರಿಯ ಮಡಿಲಿಗೆ ಎಸೆದಳು. “ಒತ್ತಲ್ಲ. ನನ್ನ ಬೆರಳು ಎಲ್ಲಿ ಹೋಯ್ತೋ ಅಲ್ಲೇ ಹೋಯ್ತು ಅಂತ ಬರ್ಕೊಂಡು ಬಾ. ಇರೋ ಎರಡು ಬೆರಳನ್ನೂ ಒತ್ತುತೀನಿ.”

ಮೇಸ್ತ್ರಿ ಕಾಗದ ಮಡಿಸಿ ಜೇಬಿಗಿಟ್ಟುಕೊಂಡ. ಸಿಟ್ಟಾಗಲಿಲ್ಲ. ಒಂದು ಗಳಿಗೆ ಏನೋ ಯೋಚಿಸಿ, “ಬಾಗಿಲಿಲ್ವಾ? ಪಾಪ” ಎಂದ. ಫೋನು ಕಿವಿಗಿಟ್ಟುಕೊಂಡು ಮೆಟ್ಟಿಲಿಳಿದ.

ವಕೀಲರು ಅವನು ಹೋದ ಕಡೆಯೇ ನೋಡುತ್ತಿದ್ದರು.

“ಅಮ್ಮ, ಎಂಥ ಒಳ್ಳೇ ಮಾತು ಹೇಳಿದ್ರಿ. ಅವನ ಮುಂದೆ ಯಾಕೆ ಹೇಳಿದ್ರಿ?”

“ನಿಜ ಅಲ್ವಾ ಸಾರ್? ಅವನ ಮುಂದೆ ಹೇಳದೆ ಇನ್ಯಾರ ಮುಂದೆ ಹೇಳಲಿ?”

ವಕೀಲರು ಡೈರಿ ತೆರೆದರು. ನಾಳೆ ಬೆಳಿಗ್ಗೆ ಗುಮಾಸ್ತನನ್ನು ಕಳಿಸುತ್ತೇನೆ, ಮನೆಯ ಫೋಟೋ ತೆಗೆಯುತ್ತಾನೆ, ಅಕ್ಕಪಕ್ಕದವರ ಮಾತು ಬರೆದುಕೊಳ್ಳುತ್ತಾನೆ, ಇದೊಂದು ಎಳೆ ಸಿಕ್ಕಿತು ಎಂದರು. ಇವತ್ತೇ ಆಗಲ್ವಾ ಎಂದಳು. ಇವತ್ತು ಕೋರ್ಟು ಇದೆ ಎಂದರು. ಹಳೇ ಫೋಟೋ ಏನಾದರೂ ಇದೆಯಾ ಎಂದು ಕೇಳಿದರು. ಇಲ್ಲದ ಬಾಗಿಲಿನ ಫೋಟೋ ಯಾರು ತೆಗೆದಿಟ್ಟಿರುತ್ತಾರೆ?

ಅವಳು ನೇರ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಕಾಲು ಲಾಂಡ್ರಿಯ ಗೇಟಿಗೆ ಎಳೆಯಿತು. ಮಗಳು ಹೊರಗೆ ಬರುವವರೆಗೆ, ಬಂದವಳ ಎರಡು ಕೈಯನ್ನೂ ನೋಡುವವರೆಗೆ, ಅವಳಿಗೆ ಬೇರೆ ಕಡೆ ಉಸಿರು ಸಲೀಸಾಗಿ ಆಡುತ್ತಿರಲಿಲ್ಲ. ಗೇಟಿನ ಎದುರು ಚರಂಡಿ ಕಟ್ಟೆ ಮೇಲೆ ಕೂತಳು. ಗೋಡೆಯ ಕೊಳವೆಯಿಂದ ಹಬೆ ಬರುತ್ತಿತ್ತು. ಸೋಪಿನ ನೊರೆ ಚರಂಡಿಯಲ್ಲಿ ಕಾಲ ಕೆಳಗೇ ಹರಿಯುತ್ತಿತ್ತು. ಕೆಲಸ ಮುಗಿಸಿ ಬಂದ ಹೆಂಗಸರು ಅವಳನ್ನು ಕಂಡು ಚಪ್ಪಲಿ ನೋಡಿಕೊಳ್ಳುತ್ತ ದಾಟಿದರು. ಕೊನೆಗೆ ಮಗಳು ಬಂದಳು. ಎರಡು ಕೈ. ಹತ್ತು ಬೆರಳು.

“ನಾಳೆಯಿಂದ ಬರಬೇಡ ಅಂದ್ರು” ಎಂದಳು ಮಗಳು.

ಅಮ್ಮ ಎದ್ದು ನಿಂತಳು.

“ಏನು ಮಾಡ್ಬಿಟ್ಟೆ ಅಮ್ಮ ನೀನು?”

“ಹೆಬ್ಬೆಟ್ಟು ಒತ್ತಲಿಲ್ಲ.”

ಮಗಳು ಕೇರಿಯ ಕಡೆ ನಡೆಯತೊಡಗಿದಳು. ಆಮೇಲೆ, “ನನ್ನ ಜಾಗಕ್ಕೆ ಆಗಲೇ ಒಬ್ಬಳನ್ನ ತಂದು ನಿಲ್ಸಿದಾರೆ. ನನಗಿಂತ ಚಿಕ್ಕವಳು” ಎಂದಳು.

“ಹಗ್ಗ?”

“ಹಾಗೇ ಇದೆ.”

ಕೇರಿಯ ತಿರುವಿಗೆ ಬಂದಾಗ ಇನ್ನೂ ಬೆಳಕಿತ್ತು. ಮನೆ ಮುಂದೆ ನಾಲ್ಕು ಜನ ನಿಂತಿದ್ದರು. ಪಕ್ಕದ ಮನೆ ಅಜ್ಜಿ ದೂರದಿಂದಲೇ ಕೈ ಬೀಸಿದಳು.

“ಬಾರೇ ಬಾ! ನಿನ್ನ ಅದೃಷ್ಟ ನೋಡು ಬಾ!”

ಚೌಕಟ್ಟಿನಲ್ಲಿ ಬಾಗಿಲು ನಿಂತಿತ್ತು.

ಹೊಸ ಬಾಗಿಲಾಗಿದ್ದರೆ ನೋಡಿದವರು ನಿನ್ನೆ ಮೊನ್ನೆಯದು ಎನ್ನುತ್ತಿದ್ದರು. ಹೊಸದನ್ನು ತಂದಿರಲಿಲ್ಲ. ಎಲ್ಲಿಂದಲೋ ಹಳೇ ಬಾಗಿಲು ಕಿತ್ತು ತಂದಿದ್ದರು. ಹಸಿರು ಬಣ್ಣ ಸುಲಿದಿತ್ತು. ಹಿಡಿಯ ಸುತ್ತ ಎಷ್ಟೋ ವರ್ಷದ ಕೈಜಿಡ್ಡು ಕಪ್ಪಗೆ ಕಟ್ಟಿತ್ತು. ಕೆಳಗೆ ಯಾವುದೋ ಮಗು ಮೊಳೆಯಲ್ಲಿ ಗೀಚಿದ ಗೀಟುಗಳು. ತಿರುಪುಗಳೂ ತುಕ್ಕು ಹಿಡಿದವೇ. ಆ ಬಾಗಿಲು ಅವಳು ಬಾಡಿಗೆಗೆ ಬರುವ ಮೊದಲಿನಿಂದಲೂ ಅಲ್ಲೇ ಇದ್ದ ಹಾಗೆ ನಿಂತಿತ್ತು. ಕಂಬಳಿಯನ್ನು ಅಚ್ಚುಕಟ್ಟಾಗಿ ಮಡಿಸಿ ಹೊಸ್ತಿಲ ಪಕ್ಕ ಇಟ್ಟಿದ್ದರು.

“ಯಾರು ಬಂದಿದ್ರು ಅಜ್ಜಿ?”

“ನಮ್ಮ ಮನೆ ಓನರೇ, ಬಡಗಿ ಕರ್ಕೊಂಡು. ಜೊತೆಗೆ ಬೂಟು ಹಾಕ್ಕೊಂಡವನೊಬ್ಬ. ಕ್ಷಣದಲ್ಲಿ ಮುಗಿಸಿಬಿಟ್ರು ನೋಡು.”

“ಅಜ್ಜಿ, ನಾಳೆ ವಕೀಲರ ಕಡೆಯವರು ಬರ್ತಾರೆ. ಇಲ್ಲಿ ಬಾಗಿಲಿರಲಿಲ್ಲ ಅಂತ ಒಂದು ಮಾತು ಹೇಳ್ತೀಯಾ?”

ಅಜ್ಜಿಯ ಮುಖದ ನಗು ನಿಧಾನಕ್ಕೆ ಇಳಿಯಿತು. ಅವಳ ಮನೆಗೂ ಬಾಗಿಲಿರಲಿಲ್ಲ. ಆ ಸಾಲಿನಲ್ಲಿ ಯಾರ ಮನೆಗೂ ಇರಲಿಲ್ಲ.

“ಓನರು ಮುಂದಿನ ವಾರ ನನಗೂ ಒಂದು ಹಾಕ್ಸಿ ಕೊಡ್ತೀನಿ ಅಂದಿದಾನೆ ಕಣೇ” ಎಂದಳು. “ಈ ಸಾಲಿಗೆಲ್ಲ ಹಾಕ್ಸ್ತಾನಂತೆ. ಯಾರೂ ಬಾಯಿ ಬಿಡದೇ ಇದ್ರೆ.”  ತನ್ನ ಮನೆಯ ಗೋಣಿತಾಟು ಸರಿಸಿಕೊಂಡು ಒಳಗೆ ಹೋದಳು. ಉಳಿದವರೂ ಸ್ವಲ್ಪ ಹಿಂದೆ ಸರಿದರು. ಪೂರ್ತಿ ಹೋಗಲಿಲ್ಲ.

ಮಗಳು ಬಾಗಿಲನ್ನು ಮುಟ್ಟಿದಳು. ತಳ್ಳಿದಳು. ಒಳಗೆ ಹೋಗಿ ಮುಚ್ಚಿದಳು. ಚಿಲಕ ಹಾಕುವ ಸದ್ದು ಕೇಳಿತು. ತೆಗೆಯುವ ಸದ್ದು. ಮತ್ತೆ ಹಾಕುವ ಸದ್ದು. ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಒದ್ದೆಯಾಗಿತ್ತು. ಕೈಯಲ್ಲಿ ಆ ಕಬ್ಬಿಣದ ಸರಳು. ಅದನ್ನು ಎಲ್ಲಿಡಬೇಕೆಂದು ತೋಚದೆ ಹಿಡಿದುಕೊಂಡೇ ನಿಂತಿದ್ದಳು.

ಚುರುಕಿಗೆ ಆ ಬಾಗಿಲನ್ನು ಕಿತ್ತು, ಎಳೆದುಕೊಂಡು ಹೋಗಿ ಲಾಂಡ್ರಿಯ ಗೇಟಿನ ಮುಂದೆ ಕೆಡವಬೇಕು ಅನ್ನಿಸಿತ್ತು. ಇರುವ ಒಂದು ಕೈಯಿಂದಲೇ ತಿರುಪು ಬಿಚ್ಚುವುದು ಹೇಗೆ ಎಂದೂ ನೋಡಿಕೊಂಡಿದ್ದಳು. ಮಗಳ ಮುಖ ನೋಡಿದ ಮೇಲೆ ಆ ಕೈ ಏಳಲಿಲ್ಲ. ಹೊಸ್ತಿಲ ಮೇಲೆ ಕೂತಳು. ಎಡಗೈಯನ್ನು ಚೌಕಟ್ಟಿಗೆ ಊರಿದಳು.

“ಒಳಗೆ ಬಾ ಅಮ್ಮ. ಒಂದ್ಸಲ ಬಾಗಿಲು ಹಾಕ್ಕೊಂಡು ಕೂತ್ಕೊಳೋಣ.”

“ನೀನು ಕೂತ್ಕೋ.”

“ಕೈ ತೆಗಿ ಹಾಗಾದ್ರೆ. ಹಾಕ್ತೀನಿ.”

“ತೆಗಿಯಲ್ಲ.”

“ಜನ ನೋಡ್ತಿದಾರೆ ಅಮ್ಮ.”

“ನೋಡ್ಲಿ. ಈ ಮನೇಲಿ ಬಾಗಿಲು ಹಾಕಲ್ಲ ಅಂತ ನೋಡ್ಲಿ.”

“ಅಮ್ಮ, ಉಳಿದಿರೋದು ಅದೊಂದೇ ಕೈ.”

“ಗೊತ್ತು.”

ಬೀದಿಯ ಕೊನೆಯಿಂದ ಗಾಳಿ ಬೀಸಿತು. ಮಡಿಸಿಟ್ಟ ಕಂಬಳಿಯ ಅಂಚು ಒಮ್ಮೆ ಎದ್ದು ಬಿತ್ತು. ಬಾಗಿಲು ಕಿರುಗುಟ್ಟುತ್ತ ತಾನಾಗಿಯೇ ಬಂದು, ಆ ಐದು ಬೆರಳುಗಳಿಗೆ ತಾಗಿ ನಿಂತಿತು.